ನಾಲ್ಕು ವರ್ಷದ ಮಗಳಿಗೆ ಗೂಬೆ ವೇಷ: ಬಟ್ಟೆ ಕತ್ತರಿಸುವ ಮೊದಲು ಒಂದು ಹೂಡಿ ಹುಡುಕಿ

ಪ್ರಶ್ನೆ: ನಾವು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಮಗಳಿಗೆ ನಾಲ್ಕು ವರ್ಷ. ಈ ಸಲ ಹ್ಯಾಲೊವೀನ್ ಹಬ್ಬದ ವೇಷಕ್ಕೆ ಗೂಬೆ ಆಗಬೇಕಂತೆ, ಬೇರೆ ಏನೂ ಬೇಡವಂತೆ. ಅಂಗಡಿಯಲ್ಲಿ ನೋಡಿದ ವೇಷ ತೀರಾ ತೆಳು, ಜೊತೆಗೆ ಮುಖವಾಡ ಬೇರೆ, ಅದನ್ನು ಹಾಕಿದ ಕೂಡಲೇ ಅಳುತ್ತಾಳೆ. ಮನೆಯಲ್ಲೇ ಮಾಡೋಣ ಅಂದ್ರೆ ಹೊಲಿಗೆ ಮಷಿನ್ ಇಲ್ಲ. ಇನ್ನು ಮೂರು ವಾರ ಇದೆ. ಧಾರವಾಡದಿಂದ ಅಮ್ಮ ಬಂದಿದ್ದಾರೆ, ಅವರಿಗೆ ಕೌದಿ ಹೊಲಿದು ಅಭ್ಯಾಸ ಇದೆ. ಆದರೆ "ಮಗೂಗೆ ಗೂಬೆ ವೇಷ ಯಾಕವ್ವಾ" ಅಂತ ಅವರಿಗೆ ಬೇಜಾರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೌದಿ ಹೊಲಿಯುವ ಕೈ ಮನೆಯಲ್ಲಿದ್ದರೆ ಮಷಿನ್ ಬಗ್ಗೆ ಚಿಂತೆ ಬಿಡಿ. ಈ ವೇಷಕ್ಕೆ ಬೇಕಾದ ಹೊಲಿಗೆ ಅದೇ, ಉದ್ದಕ್ಕೆ ಸಾಗುವ ಸಾದಾ ಹೊಲಿಗೆ. ಮೂರು ವಾರ ಧಾರಾಳವಾಗಿ ಸಾಕು.

ಮಕ್ಕಳ ವೇಷ ಹೊಲಿಯುವುದೇ ನನ್ನ ಕೆಲಸ. ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ: ಚಿಕ್ಕ ಮಗುವಿಗೆ ಹೊಸದಾಗಿ ವೇಷ ಹೊಲಿಯಬೇಡಿ, ಮಗು ಈಗಾಗಲೇ ಖುಷಿಯಿಂದ ಹಾಕಿಕೊಳ್ಳುವ ಬಟ್ಟೆಯ ಮೇಲೆ ವೇಷ ಹೊಲಿಯಿರಿ. ನಿಮ್ಮ ವಿಷಯದಲ್ಲಿ ಅದು ಟೊಪ್ಪಿಗೆ ಇರುವ ಹೂಡಿ. ಕುತ್ತಿಗೆ, ತೋಳು, ಹೆಗಲು ಎಲ್ಲ ಆಗಲೇ ಸರಿಯಾಗಿ ಕೂತಿರುತ್ತದೆ, ನೀವು ಗೂಬೆಯನ್ನು ಸೇರಿಸಿದರೆ ಆಯಿತು.

ನಾವೆಲ್ಲ ಊರಲ್ಲಿ ಛದ್ಮವೇಷ ನೋಡಿ ಬೆಳೆದವರು. ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ತರಕಾರಿ ಮಾರುವವಳು. ಮಗು ವೇದಿಕೆ ಹತ್ತಿ, ಎರಡು ಸಾಲು ಹೇಳಿ ಇಳಿಯುವವರೆಗೆ ವೇಷ ನಿಂತರೆ ಸಾಕು, ಪಿನ್ ಚುಚ್ಚಿದರೂ ತಡೆದುಕೊಳ್ಳುತ್ತಾರೆ. ಹ್ಯಾಲೊವೀನ್ ಹಾಗಲ್ಲ. ಬೆಳಿಗ್ಗೆ ಶಾಲೆಯಲ್ಲಿ ಅದನ್ನೇ ಹಾಕಿಕೊಂಡು ಕೂರಬೇಕು, ಬಾತ್‌ರೂಮಿಗೆ ಹೋಗಬೇಕು, ಕಾರಲ್ಲಿ ಬೆಲ್ಟ್ ಹಾಕಿಸಿಕೊಳ್ಳಬೇಕು, ಸಂಜೆ ಕತ್ತಲಲ್ಲಿ ಚಾಕೊಲೇಟ್ ಕೇಳಲು ಮನೆಯಿಂದ ಮನೆಗೆ ನಡೆದು ಪ್ರತಿ ಮನೆಯ ಮೆಟ್ಟಿಲು ಹತ್ತಿ ಇಳಿಯಬೇಕು, ಅದೂ ಚಳಿಯಲ್ಲಿ. ನಿಮ್ಮ ಮಿನ್ನೆಸೋಟ ರಾಜ್ಯದಲ್ಲಿ ಹ್ಯಾಲೊವೀನ್ ದಿನ, ಅಂದ್ರೆ ಅಕ್ಟೋಬರ್ 31ರ ಸಂಜೆ 5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅಂದ್ರೆ ಏನೂ ವಿಶೇಷ ಅಲ್ಲ. 1991ರಲ್ಲಿ ಅದೇ ದಿನ ಶುರುವಾದ ಹಿಮಪಾತ ನವೆಂಬರ್ 3ರವರೆಗೆ ಸುರಿದು ನಿಮ್ಮ ಅವಳಿ ನಗರಗಳಾದ ಮಿನಿಯಾಪೊಲಿಸ್-ಸೇಂಟ್ ಪಾಲ್‌ನಲ್ಲಿ 28 ಇಂಚಿಗೂ ಜಾಸ್ತಿ ಬಿದ್ದಿತ್ತು. ಅಲ್ಲಿನ ಹಳೆಯ ನೆರೆಹೊರೆಯವರನ್ನು ಕೇಳಿ, ಇವತ್ತಿಗೂ ಅದರ ಕಥೆ ಹೇಳುತ್ತಾರೆ. ತೆಳು ವೇಷದ ಮೇಲೆ ದಪ್ಪ ಜಾಕೆಟ್ ಹಾಕಿಸಿದರೆ ಗೂಬೆ ಒಳಗೆ ಮುಚ್ಚಿಹೋಗುತ್ತದೆ, ಮಗು ಅಳುತ್ತದೆ. ವೇಷವೇ ಬೆಚ್ಚಗಿದ್ದರೆ ಆ ಜಗಳವೇ ಬರುವುದಿಲ್ಲ.

ಇನ್ನು ಯಾವ ಗೂಬೆ? ನನ್ನನ್ನು ಕೇಳಿದರೆ ಬಿಳಿಯದು, ಸ್ನೋಯಿ ಔಲ್ ಅಂತಾರಲ್ಲ, ಹಿಮಗೂಬೆ. ಉತ್ತರ ಧ್ರುವದ ಕಡೆಯ ಹಕ್ಕಿ, ಚಳಿಗಾಲದಲ್ಲಿ ದಕ್ಷಿಣಕ್ಕೆ ಇಳಿದಾಗ ಮಿನ್ನೆಸೋಟದಲ್ಲಿ ಕಾಣಿಸುತ್ತದೆ, ಡುಲೂತ್ ಕಡೆ ಜನ ಅದನ್ನು ನೋಡಲೆಂದೇ ಹೋಗುತ್ತಾರೆ. ಇದನ್ನು ಆರಿಸಲು ನನಗೆ ಮೂರು ಕಾರಣ. ಬಿಳಿ ಬಟ್ಟೆ ಕತ್ತಲಲ್ಲಿ ಕಾಣುತ್ತದೆ, ಕಂದು ಗೂಬೆ ಕಾಣುವುದಿಲ್ಲ. ಗ್ರೇಟ್ ಹಾರ್ನ್ಡ್ ಔಲ್‌ಗೆ ಇರುವಂತೆ ತಲೆಯ ಮೇಲೆ ಎದ್ದು ಕಾಣುವ ಗರಿಯ ಕೊಂಬು ಇದಕ್ಕಿಲ್ಲ, ದುಂಡು ತಲೆ, ಹೂಡಿಯ ಟೊಪ್ಪಿಗೆ ಹೇಗಿದೆಯೋ ಹಾಗೇ ಒಪ್ಪುತ್ತದೆ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ವಯಸ್ಸಾದ ಗಂಡು ಹಿಮಗೂಬೆ ಹೆಚ್ಚುಕಡಿಮೆ ಪೂರ್ತಿ ಬಿಳಿ, ಆದರೆ ಹೆಣ್ಣು ಮತ್ತು ಎಳೆ ಗೂಬೆಗಳ ಬಿಳಿ ಮೈಮೇಲೆ ಕಪ್ಪು-ಕಂದು ಪಟ್ಟೆ, ಚುಕ್ಕೆ ಇರುತ್ತವೆ. ಆ ಗುರುತುಗಳನ್ನು ನಿಮ್ಮ ಮಗಳೇ ಮಾರ್ಕರ್ ಹಿಡಿದು ಬರೆಯಬಹುದು. ನಾಲ್ಕು ವರ್ಷದ ಕೈ ಎಳೆದ ಸೊಟ್ಟ ಗೆರೆ ಇಲ್ಲಿ ಸೊಟ್ಟ ಅನ್ನಿಸುವುದೇ ಇಲ್ಲ, ಅದು ಎಳೆ ಗೂಬೆಯ ಗರಿಯ ಹಾಗೇ ಕಾಣುತ್ತದೆ. ತಾನು ಬರೆದ ಗರಿ ಇರುವ ಅಂಗಿಯನ್ನು ಮಗು ಹಾಕಿಕೊಳ್ಳಲ್ಲ ಅನ್ನುವುದು ತುಂಬಾ ಕಡಿಮೆ.

ಅಮ್ಮನ ಬೇಜಾರನ್ನು ಸುಮ್ನೆ ತಳ್ಳಿಹಾಕಬೇಡಿ. ಅವರು ಬೆಳೆದ ಕಡೆ ಗೂಬೆ ಕೂಗಿದರೆ ಕೆಟ್ಟದ್ದು ಅಂತಲೇ ಕೇಳಿಕೊಂಡು ಬಂದಿದ್ದಾರೆ. ವಾದ ಮಾಡುವ ಬದಲು ಹಿಮಗೂಬೆಯ ಒಂದು ಫೋಟೋ ತೋರಿಸಿ. ಬಂಗಾಳದಲ್ಲಿ ಲಕ್ಷ್ಮಿ ಜೊತೆ ಬಿಳಿ ಗೂಬೆಯನ್ನು ಕೂರಿಸಿ ಪೂಜೆ ಮಾಡುತ್ತಾರೆ ಅಂತ ಹೇಳಿ. ಹೊಲದ ಇಲಿ ತಿನ್ನುವ ಹಕ್ಕಿ, ರೈತರಿಗೆ ಒಳ್ಳೆಯದೇ ಮಾಡುತ್ತದೆ ಅನ್ನುವುದನ್ನೂ ಹೇಳಿ. ಈ ಅಪಶಕುನದ ಮಾತಿನಿಂದ, ಮಾಟ-ಮಂತ್ರದ ನಂಬಿಕೆಯಿಂದ ನಮ್ಮ ಕಡೆ ಗೂಬೆಗಳನ್ನು ಹಿಡಿದು ಮಾರುವುದು, ಕೊಲ್ಲುವುದು ಇನ್ನೂ ನಿಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದ್ದರೂ ದೀಪಾವಳಿ ಬಂತೆಂದರೆ ಅದು ಜಾಸ್ತಿಯಾಗುತ್ತದೆ. ಅದಕ್ಕೇ ಒಂದು ಮಗು ತಾನಾಗಿ ಗೂಬೆಯನ್ನು ಇಷ್ಟಪಟ್ಟರೆ ನನಗೆ ನಿಜಕ್ಕೂ ಸಂತೋಷ ಆಗುತ್ತದೆ. ಅಮ್ಮನ ಕೈಗೆ ಸೂಜಿ ಕೊಟ್ಟು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ ನೋಡಿ, ಅರ್ಧ ಬೇಜಾರು ಅಲ್ಲೇ ಹೋಗುತ್ತದೆ.

ಈಗ ಸಾಮಾನು. ಬಿಳಿ ಅಥವಾ ತಿಳಿಬೂದು ಬಣ್ಣದ, ಮುಂದೆ ಜಿಪ್ ಇರುವ ಹತ್ತಿ ಹೂಡಿ ಬೇಕು. ತಲೆ ಮೇಲಿಂದ ಎಳೆದು ಹಾಕುವಂಥದ್ದು ಬೇಡ. ಶಾಲೆಯೊಳಗೆ ಹೀಟರ್ ಇರುತ್ತದೆ, ಸೆಕೆ ಆದಾಗ ಮಗು ತಾನೇ ಜಿಪ್ ಇಳಿಸಿಕೊಳ್ಳಬೇಕು. ಈಗ ಹಾಕುವ ಸೈಜಿಗಿಂತ ಒಂದು ದೊಡ್ಡದು ತನ್ನಿ, ಒಳಗೆ ಥರ್ಮಲ್, ಅಂದ್ರೆ ಚಳಿಯ ಒಳಉಡುಪು, ಹಿಡಿಸಬೇಕಲ್ವಾ. ಗುಡ್‌ವಿಲ್‌ನಂಥ ಹಳೆ ಬಟ್ಟೆ ಅಂಗಡಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಒಗೆದು ಒಗೆದು ಮೆತ್ತಗಾಗಿರುತ್ತದೆ. ಆದರೆ ಹಳೆ ಹೂಡಿ ತಂದರೆ ಟೊಪ್ಪಿಗೆಯಲ್ಲಿ ದಾರ ಇದೆಯಾ ನೋಡಿ, ಇದ್ದರೆ ಎಳೆದು ಬಿಸಾಡಿ. ಮಕ್ಕಳ ಟೊಪ್ಪಿಗೆ ದಾರ ಜಾರುಬಂಡಿಗೋ ಬಸ್ಸಿನ ಬಾಗಿಲಿಗೋ ಸಿಕ್ಕಿ ಕುತ್ತಿಗೆ ಬಿಗಿದು ಸಾವುಗಳೇ ಆಗಿವೆ, ಹಾಗಾಗಿ ಅಮೆರಿಕದಲ್ಲಿ 2011ರಿಂದ ಚಿಕ್ಕ ಮಕ್ಕಳ ಜಾಕೆಟ್, ಹೂಡಿಯ ಕುತ್ತಿಗೆಯಲ್ಲಿ ಅಂಥ ದಾರ ಇರಬಾರದೆಂಬ ನಿಯಮವೇ ಇದೆ. ಹಳೆಯ ಬಟ್ಟೆಯಲ್ಲಿ ಇನ್ನೂ ಉಳಿದಿರಬಹುದು.

ಗರಿಗೆ ಫೆಲ್ಟ್ ತನ್ನಿ, ಅದು ನೇಯದೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ, ಮಡಚಿ ಹೊಲಿಯುವ ಕೆಲಸ ಇಲ್ಲ. ಬಟ್ಟೆ, ಹೊಲಿಗೆ ಸಾಮಾನು ಮಾರುತ್ತಿದ್ದ ಜೋಆನ್ ಅಂಗಡಿಗಳೆಲ್ಲ 2025ರಲ್ಲಿ ಮುಚ್ಚಿಹೋದವು, ಆದರೆ ಮೈಕೆಲ್ಸ್, ಹಾಬಿ ಲಾಬಿ, ವಾಲ್‌ಮಾರ್ಟ್‌ನಲ್ಲಿ 9 ಇಂಚು ಅಗಲ 12 ಇಂಚು ಉದ್ದದ ಫೆಲ್ಟ್ ಹಾಳೆ ಸಿಗುತ್ತದೆ. ಬಿಳಿ ಹನ್ನೆರಡು, ಹಳದಿ ಒಂದು, ಕಪ್ಪು ಎರಡು ಸಾಕು. ಜೊತೆಗೆ ಮೆತ್ತನೆಯ, ಬೆಚ್ಚನೆಯ ಬಿಳಿ ಫ್ಲೀಸ್ ಬಟ್ಟೆ ಅರ್ಧ ಗಜ, ಅದು ರೆಕ್ಕೆಗೆ. ಬಟ್ಟೆಗೆ ಬರೆಯುವ ಕಪ್ಪು ಅಥವಾ ಕಂದು ಮಾರ್ಕರ್ ಒಂದು, ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟಿವ್ ಟೇಪ್ ಸ್ವಲ್ಪ. ಇಷ್ಟೇ.

ಹೊಸಬರು ಸುಸ್ತಾಗುವುದು ಗರಿಯಲ್ಲಿ. ಒಂದೊಂದೇ ಗರಿ ಕತ್ತರಿಸಿ, ಒಂದೊಂದೇ ಹೊಲಿಯಲು ಹೋಗುತ್ತಾರೆ, ನೂರು ಗರಿ ಅಂದ್ರೆ ನೂರು ಸಲ ಗಂಟು. ಹಾಗೆ ಮಾಡಬೇಡಿ. ಹಾಳೆಯನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿ. ಒಂದೊಂದೂ 12 ಇಂಚು ಉದ್ದ, 3 ಇಂಚು ಅಗಲ ಬರುತ್ತದೆ. ಪಟ್ಟಿಯ ಕೆಳಗಿನ ಅಂಚನ್ನು ಮಾತ್ರ 2 ಇಂಚಿಗೊಂದರಂತೆ ಅರ್ಧ ವೃತ್ತವಾಗಿ ಕತ್ತರಿಸಿ, ಮೇಲಿನ ಎರಡು ಇಂಚು ಹಾಗೇ ಇರಲಿ. ಒಂದು ಪಟ್ಟಿಯಲ್ಲಿ ಆರು ಗರಿ ಒಟ್ಟಿಗೆ ಬಂದವು, ಹೊಲಿಗೆ ಮೇಲಂಚಿನಲ್ಲಿ ಒಂದೇ ಸಾಲು. ಲೋಟವನ್ನು ಬೋರಲು ಇಟ್ಟು ಮಗಳೇ ಗೆರೆ ಎಳೆಯಲಿ, ಕತ್ತರಿ ನೀವು ಹಿಡಿಯಿರಿ. ಹೊಲಿಯುವ ಮೊದಲೇ ಎಲ್ಲ ಪಟ್ಟಿಗಳನ್ನೂ ಅವಳ ಮುಂದಿಟ್ಟು ಮಾರ್ಕರ್‌ನಲ್ಲಿ ಪಟ್ಟೆ ಬರೆಸಿಬಿಡಿ, ಹೊಲಿದ ಮೇಲೆ ಬರೆಯುವುದು ಕಷ್ಟ.

ಹೊಲಿಯುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ. ಮಂಗಳೂರು ಹೆಂಚು ಹೊದಿಸುತ್ತಾರಲ್ಲ, ಸೂರಿನ ಅಂಚಿನಿಂದ ಶುರು ಮಾಡಿ ಮೇಲಿನದು ಕೆಳಗಿನದರ ಮೇಲೆ ಕೂರುವಂತೆ, ಹಾಗೆ. ಮೊದಲ ಪಟ್ಟಿ ತುದಿಯಲ್ಲಿ, ಮುಂದಿನದು ಅದಕ್ಕಿಂತ ಒಂದೂವರೆ ಇಂಚು ಮೇಲೆ, ಗರಿಗಳು ಒಂದರ ಕೆಳಗೊಂದು ನೇರ ಬರದೆ ಸಂದಿಯಲ್ಲಿ ಬರುವ ಹಾಗೆ ಸ್ವಲ್ಪ ಸರಿಸಿ. ಕೌದಿ ಹೊಲಿಗೆಯೇ ಸಾಕು, ಐದಾರು ಹೊಲಿಗೆಗೊಮ್ಮೆ ಹಿಂದಕ್ಕೊಂದು ಹಾಕಲು ಅಮ್ಮನಿಗೆ ಹೇಳಿ, ಒಂದು ಕಡೆ ಕಿತ್ತರೂ ಇಡೀ ಸಾಲು ಬಿಚ್ಚುವುದಿಲ್ಲ. ಹೂಡಿಯ ಬಟ್ಟೆ ಎಳೆದರೆ ಹಿಗ್ಗುತ್ತದೆ, ಫೆಲ್ಟ್ ಹಿಗ್ಗುವುದಿಲ್ಲ. ಅದಕ್ಕೇ ದಾರ ಬಿಗಿಯಾಗಿ ಎಳೆಯಬಾರದು. ಹೂಡಿಯೊಳಗೆ ಒಂದು ದಪ್ಪ ರಟ್ಟು ತೂರಿಸಿಕೊಂಡು ಹೊಲಿದರೆ ಹಿಂದಿನ ಪದರ ಸೇರಿಕೊಳ್ಳುವುದಿಲ್ಲ, ಇದು ಚಿಕ್ಕ ಬಟ್ಟೆಯಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಗರಿ ಎಲ್ಲೆಲ್ಲಿ? ರೆಕ್ಕೆಗೆ ಪೂರ್ತಿ, ಬೆನ್ನಿನ ಮೇಲರ್ಧಕ್ಕೆ, ಅಷ್ಟೇ. ಎದೆಗೆ ಬೇಡ. ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ, ಕಾರಿನ ಬೆಲ್ಟ್ ಅಡಿ ಸುಕ್ಕಾಗುತ್ತದೆ. ಎದೆಯ ಮೇಲೆ ಮಾರ್ಕರ್‌ನಲ್ಲೇ ಸಣ್ಣ ಸಣ್ಣ ಗೆರೆ ಬರೆಸಿ.

ರೆಕ್ಕೆ ಅಂದ್ರೆ ಬೆನ್ನಿಗೆ ಕಟ್ಟುವ ಕೇಪ್ ಅಂದುಕೊಳ್ಳುತ್ತಾರೆ. ಕುತ್ತಿಗೆಗೆ ಕಟ್ಟುವ ಯಾವುದೂ ನನಗೆ ಇಷ್ಟ ಇಲ್ಲ, ಯಾರೋ ಹಿಂದಿನಿಂದ ಎಳೆದರೆ ಮುಗಿಯಿತು. ತೋಳಿನ ಅಡಿಯ ಹೊಲಿಗೆ ಮಣಿಕಟ್ಟಿನಿಂದ ಕಂಕುಳಿಗೆ ಬಂದು, ಅಲ್ಲಿಂದ ಪಕ್ಕೆಯಲ್ಲಿ ಸೊಂಟದವರೆಗೆ ಇಳಿಯುತ್ತದಲ್ಲ, ಆ ಎರಡು ಗೆರೆಯ ನಡುವೆ ಫ್ಲೀಸಿನ ಮುಕ್ಕೋನ ಕೂರಿಸಿ. ಹೂಡಿಯನ್ನು ನೆಲದ ಮೇಲೆ ತೋಳು ಚಾಚಿ ಹರಡಿ, ಅಡಿಯಲ್ಲಿ ಪೇಪರ್ ಇಟ್ಟು ಗೆರೆ ಎಳೆದರೆ ಅಳತೆ ತಾನಾಗೇ ಸಿಗುತ್ತದೆ. ಮಣಿಕಟ್ಟಿನ ಹತ್ತಿರ 2 ಇಂಚು ಬಿಟ್ಟು ಶುರು ಮಾಡಿ, ಕೈ ತೊಳೆಯುವಾಗ ಒದ್ದೆಯಾಗಬಾರದು, ಚಾಕೊಲೇಟ್ ಚೀಲ ಹಿಡಿಯುವಾಗ ಅಡ್ಡ ಬರಬಾರದು. ಕೆಳತುದಿ ಸೊಂಟದಲ್ಲೇ ನಿಲ್ಲಲಿ. ಮಗಳು ಉದ್ದ ರೆಕ್ಕೆ ಬೇಕು ಅನ್ನಬಹುದು, ಇದೊಂದಕ್ಕೆ ಮಾತ್ರ ಒಪ್ಪಬೇಡಿ. ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕಿಕೊಳ್ಳುವುದು ಒಂದು. ಅದಕ್ಕಿಂತ ಮುಖ್ಯವಾದದ್ದು ಬಾಗಿಲ ಬಳಿ ನೆಲದ ಮೇಲಿಟ್ಟ ಕುಂಬಳಕಾಯಿ ದೀಪ. ಕೆಲವರು ಈಗಲೂ ಒಳಗೆ ನಿಜವಾದ ಮೇಣದಬತ್ತಿ ಹಚ್ಚುತ್ತಾರೆ, ಅದರ ಎತ್ತರವೂ ನಾಲ್ಕು ವರ್ಷದ ಮಗುವಿನ ಮೊಣಕಾಲಿನ ಎತ್ತರವೂ ಹೆಚ್ಚುಕಡಿಮೆ ಒಂದೇ.

ಬೆಂಕಿಯ ವಿಷಯ ಬಂದಿದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1940ರ ದಶಕದಲ್ಲಿ ಅಮೆರಿಕದ ಮಕ್ಕಳು ಹಾಕಿಕೊಳ್ಳುತ್ತಿದ್ದ ಕೌಬಾಯ್ ವೇಷದ ಕಾಲುಬಟ್ಟೆ ಜುಂಗು ಜುಂಗಾದ ರೇಯಾನ್‌ನದ್ದು, ಕಿಡಿ ತಾಗಿದರೆ ಭಗ್ಗೆಂದು ಹತ್ತಿಕೊಳ್ಳುತ್ತಿತ್ತು, ಮಕ್ಕಳು ಸತ್ತರು. 1953ರಲ್ಲಿ ಬೇಗ ಬೆಂಕಿ ಹತ್ತುವ ಬಟ್ಟೆಗಳ ಮೇಲಿನ ಕಾನೂನು, ಫ್ಲೇಮಬಲ್ ಫ್ಯಾಬ್ರಿಕ್ಸ್ ಆಕ್ಟ್, ಬಂದದ್ದರ ಹಿಂದೆ ಆ ಸಾವುಗಳೂ ಇವೆ. ಅಂಗಡಿಯ ವೇಷದ ಮೇಲೆ ಈಗ ಫ್ಲೇಮ್ ರೆಸಿಸ್ಟೆಂಟ್ (ಸುಲಭಕ್ಕೆ ಬೆಂಕಿ ಹತ್ತದ್ದು) ಅನ್ನುವ ಲೇಬಲ್ ಹುಡುಕಿ ಅನ್ನುತ್ತಾರೆ. ಮನೆಯಲ್ಲಿ ಹೊಲಿದದ್ದಕ್ಕೆ ಲೇಬಲ್ ಇರುವುದಿಲ್ಲ, ಆ ಜವಾಬ್ದಾರಿ ನಮ್ಮದೇ. ತೆಳುವಾಗಿ ಗಾಳಿಗೆ ಹಾರುವ ಬಟ್ಟೆ ಬೇಗ ಹತ್ತಿಕೊಳ್ಳುತ್ತದೆ, ಒತ್ತಾಗಿ ನೇಯ್ದು ಮೈಗೆ ಅಂಟಿಕೊಂಡದ್ದು ನಿಧಾನ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ, ಉಣ್ಣೆ ಸುಲಭಕ್ಕೆ ಹತ್ತುವುದೇ ಇಲ್ಲ. ಸಾಮಾನ್ಯವಾಗಿ ಸಿಗುವ ಅಗ್ಗದ ಫೆಲ್ಟ್ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್, ಫ್ಲೀಸೂ ಪಾಲಿಯೆಸ್ಟರೇ. ಸ್ವಲ್ಪ ಜಾಸ್ತಿ ಖರ್ಚು ಮಾಡಬಹುದಾದರೆ ಉಣ್ಣೆ ಬೆರೆತ ಫೆಲ್ಟ್ ತನ್ನಿ. ಆಗದಿದ್ದರೆ ಗರಿ ಚಪ್ಪಟೆಯಾಗಿ ಕೂರಲಿ, ಎಲ್ಲೂ ನೇತಾಡದಿರಲಿ, ಒಳಗಿನ ಪದರ ಹತ್ತಿಯದ್ದಿರಲಿ. ನೆಟ್ ಬಟ್ಟೆ, ನಿಜವಾದ ಪುಕ್ಕ, ಅಮ್ಮನ ಹಳೆಯ ತೆಳು ಸೀರೆ ಇವ್ಯಾವುದೂ ಬೇಡ, ನೋಡಲು ಎಷ್ಟೇ ಚೆನ್ನಾಗಿದ್ದರೂ. ಇನ್ನೊಂದು ಮಾತು, ದೀಪಾವಳಿ ಇದೇ ದಿನಗಳ ಹಿಂದೆಮುಂದೆ ಬರುತ್ತದೆ. ಮಗಳು ಹೊಸ ಗೂಬೆ ಅಂಗಿ ಹಾಕಿಕೊಂಡೇ ಹಣತೆ ಹಚ್ಚುತ್ತೇನೆ ಅನ್ನುತ್ತಾಳೆ, ಖಂಡಿತ ಅನ್ನುತ್ತಾಳೆ. ಬಿಡಬೇಡಿ. ದೀಪದ ಹತ್ತಿರ ಹೋಗುವಾಗ ಆ ಅಂಗಿ ತೆಗೆದಿಡಿ.

ಮುಖಕ್ಕೆ ಏನೂ ಬೇಡ. ಮುಖವಾಡ ಹಾಕಿದರೆ ಅಳುತ್ತಾಳೆ ಅಂದ್ರಿ, ಅಳುವುದು ಸರಿಯೇ. ಮುಖವಾಡದಲ್ಲಿ ಪಕ್ಕದ್ದು ಕಾಣಿಸುವುದಿಲ್ಲ, ಉಸಿರು ತಾಗಿ ಒಳಗೆಲ್ಲ ಒದ್ದೆ, ರಸ್ತೆ ದಾಟುವಾಗ ಅಪಾಯ. ಗೂಬೆಯ ಮುಖವನ್ನು ಟೊಪ್ಪಿಗೆಯ ಮೇಲೆ ಮಾಡಿ. ಹಳದಿ ಫೆಲ್ಟ್‌ನಲ್ಲಿ 3 ಇಂಚಿನ ಎರಡು ವೃತ್ತ, ಅದರ ಮೇಲೆ ಕಪ್ಪು ಗುಡ್ಡೆ ದೊಡ್ಡದಾಗಿ, ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ. ಆ ಬಿಳಿ ಚುಕ್ಕೆ ಇಲ್ಲದಿದ್ದರೆ ಕಣ್ಣಿಗೆ ಜೀವ ಬರುವುದಿಲ್ಲ. ಕಣ್ಣುಗಳನ್ನು ಹೊಲಿಯುವ ಮೊದಲು ಹೂಡಿಯನ್ನು ಮಗಳಿಗೆ ಹಾಕಿ ಪಿನ್ನಿನಿಂದ ಗುರುತು ಮಾಡಿ. ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಹೊಲಿದರೆ, ತಲೆ ಮೇಲೆ ಹಾಕಿದಾಗ ಕಣ್ಣು ಆಕಾಶ ನೋಡುತ್ತಿರುತ್ತವೆ. ಟೊಪ್ಪಿಗೆಯ ಮುಂದಿನ ಅಂಚಿಗೆ ಹತ್ತಿರ, ಹಣೆಯ ನೇರಕ್ಕೆ ಬರಬೇಕು. ಕಪ್ಪು ಕೊಕ್ಕು ಆ ಅಂಚಿನ ನಡುವಿನಿಂದ ಹಣೆಗೆ ಒಂದಿಷ್ಟೇ ಇಳಿದಿರಲಿ, ಒಳಗೆ ಚೂರು ಹತ್ತಿ ತುಂಬಿ, ಕಣ್ಣಿಗೆ ತಾಗದಷ್ಟು ಚಿಕ್ಕದಾಗಿ.

ಟೊಪ್ಪಿಗೆ ಹಿಂದಕ್ಕೆ ಜಾರುತ್ತದೆಯಾ ನೋಡಿ, ಫೆಲ್ಟ್ ಭಾರಕ್ಕೆ ಸಾಮಾನ್ಯವಾಗಿ ಜಾರುತ್ತದೆ. ಒಳಗೆ ಒಂದು ಬಟ್ಟೆಯ ಹೇರ್‌ಬ್ಯಾಂಡನ್ನು ನಾಲ್ಕು ಕಡೆ ಟಾಕಿ ಹಾಕಿ ನಿಲ್ಲಿಸಿದರೆ ಸರಿಹೋಗುತ್ತದೆ.

ಮುಖಕ್ಕೆ ಬಣ್ಣ ಬೇಕೇ ಬೇಕು ಅಂದರೆ ಮೂಗಿನ ಮೇಲೆ ಒಂದು ಚುಕ್ಕೆ ಸಾಕು, ಅದನ್ನೂ ಒಂದೆರಡು ದಿನ ಮೊದಲು ಕೈಗೆ ಹಚ್ಚಿ ಗುಳ್ಳೆ ಏಳುವುದಿಲ್ಲ ಅಂತ ನೋಡಿ. ಊರಿಂದ ತಂದ ಕಾಡಿಗೆಯಿಂದ ಕಣ್ಣಿನ ಸುತ್ತ ಗೂಬೆ ಕಣ್ಣು ಬರೆಯುವ ಆಸೆ ಅಮ್ಮನಿಗೆ ಬರಬಹುದು. ಬೇಡ. ಸುರ್ಮಾ ಮತ್ತು ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಅದಕ್ಕಾಗಿಯೇ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮಕ್ಕಳು ಕಣ್ಣುಜ್ಜಿದ ಕೈಯಲ್ಲೇ ಚಾಕೊಲೇಟ್ ತಿನ್ನುತ್ತಾರೆ.

ಕೆಳಗೆ ಮಾಮೂಲಿ ಬೆಚ್ಚನೆ ಪ್ಯಾಂಟ್, ಸೊಂಟಕ್ಕೆ ಎಲಾಸ್ಟಿಕ್ ಇರುವಂಥದ್ದು. ವೇಷ ಮೇಲಂಗಿಯಲ್ಲೇ ಮುಗಿದಿರುವುದರಿಂದ ಬಾತ್‌ರೂಮಿಗೆ ಯಾರ ಸಹಾಯವೂ ಬೇಕಿಲ್ಲ. ಹಿಮಗೂಬೆಯ ಕಾಲಿಗೆ ಬೆರಳ ತನಕ ಗರಿ ಇರುತ್ತದೆ, ಆದ್ದರಿಂದ ಶೂ ಮೇಲೆ ಬಿಳಿ ಲೆಗ್ ವಾರ್ಮರ್ (ಪಾದವಿಲ್ಲದ ಕಾಲುಚೀಲ) ಎಳೆದು ತುದಿಗೆ ಮೂರು ಕಪ್ಪು ಫೆಲ್ಟ್ ಉಗುರು ಹೊಲಿದರೆ ಪಾದ ಆಯಿತು. ಶೂ ಅಡಿಗೆ ಮಾತ್ರ ಬಟ್ಟೆ ಬರಬಾರದು, ಜಾರುತ್ತದೆ.

ರಿಫ್ಲೆಕ್ಟಿವ್ ಟೇಪನ್ನು ಬೆನ್ನಿನ ಗರಿ ಮುಗಿಯುವ ಕಡೆ, ಮುಚ್ಚಿಹೋಗದಂತೆ ಅದರ ಕೆಳಗೆ ಒಂದು ಗೆರೆ, ಎರಡೂ ತೋಳಿನ ಹೊರಬದಿಗೆ ಒಂದೊಂದು ಗೆರೆ ಹೊಲಿಯಿರಿ. ಅಕ್ಟೋಬರ್ 31ಕ್ಕೆ ನಿಮ್ಮಲ್ಲಿ ಸುಮಾರು ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ, ಜನ ಹೊರಡುವುದೂ ಆಗಲೇ. ಚೀಲಕ್ಕೂ ಒಂದು ತುಂಡು ಅಂಟಿಸಿ, ಚೀಲದ ಹಿಡಿ ಗಿಡ್ಡದಿರಲಿ.

ಕಾರಿನ ಬಗ್ಗೆ. ಹೊಟ್ಟೆ ಗುಂಡಗೆ ಕಾಣಲಿ ಅಂತ ಒಳಗೆ ಹತ್ತಿ ತುಂಬಬೇಡಿ. ದಪ್ಪ ಬಟ್ಟೆಯ ಮೇಲೆ ಬೆಲ್ಟ್ ಬಿಗಿಯಾಗಿ ಕೂತಂತೆ ಕಾಣುತ್ತದೆ, ಆದರೆ ಡಿಕ್ಕಿಯಾದರೆ ಅದೆಲ್ಲ ಅದುಮಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ದಪ್ಪ ಜಾಕೆಟ್ ಹಾಕಿಸಿ ಕಾರ್ ಸೀಟಿನಲ್ಲಿ ಕೂರಿಸಬಾರದು ಅನ್ನುವುದೂ ಇದೇ ಕಾರಣಕ್ಕೆ. ಕಾರಲ್ಲಿ ಹೋಗುವುದಿದ್ದರೆ ಹೂಡಿಯನ್ನು ಇಳಿದ ಮೇಲೇ ಹಾಕಿ.

ಗ್ಲೂ ಗನ್ ಸಾಕಲ್ವಾ ಅಂತ ಕೇಳುತ್ತೀರೇನೋ. ಕಣ್ಣಿನ ಚುಕ್ಕೆಯಂಥ ಚಿಕ್ಕ ತುಂಡಿಗೆ ಬಟ್ಟೆಯ ಅಂಟು ಹಚ್ಚಿ ಒಂದು ದಿನ ಒಣಗಲು ಬಿಡಿ, ಸಾಕು. ಬಿಸಿ ಅಂಟು ಬಟ್ಟೆಯ ಮೇಲೆ ಗಟ್ಟಿಯಾಗಿ ಚುಚ್ಚುತ್ತದೆ, ಬಾಗಿದರೆ ಕಿತ್ತುಬರುತ್ತದೆ, ಚಿಕ್ಕ ಮಗು ಪಕ್ಕದಲ್ಲಿರುವಾಗ ಆ ಬಿಸಿ ಮೂತಿ ಮೇಜಿನ ಮೇಲೆ ಇರುವುದೇ ಬೇಡ.

ಈ ವಾರ ಹೂಡಿ ತಂದು, ಒಗೆದು, ಏನೂ ಹೊಲಿಯದೆ ಮಗಳಿಗೆ ಹಾಕಿಸಿ ಓಡಾಡಲು ಬಿಡಿ. ಕುತ್ತಿಗೆಯ ಲೇಬಲ್ ಚುಚ್ಚುತ್ತದೆ ಅಂದರೆ ಈಗಲೇ ಬಿಚ್ಚಿ. ಶಾಲೆಯ ಟೀಚರನ್ನೂ ಈಗಲೇ ಕೇಳಿ. ಕೆಲವು ಶಾಲೆಗಳು ಹ್ಯಾಲೊವೀನ್ ಮಾಡುವುದೇ ಇಲ್ಲ, ಕೆಲವು ಕಡೆ ವೇಷ ಒಂದು ಗಂಟೆ ಮಾತ್ರ, ತುಂಬಾ ಕಡೆ ಮುಖವಾಡ ಬೇಡ ಅನ್ನುತ್ತಾರೆ. ಮುಂದಿನ ವಾರ ಗರಿ ಮತ್ತು ರೆಕ್ಕೆ, ಕೊನೆಯ ವಾರ ಕಣ್ಣು. ಅಷ್ಟರಲ್ಲಿ ಒಂದು ಸಂಜೆ ಪೂರ್ತಿ ವೇಷದಲ್ಲಿ ನಿಮ್ಮ ಬೀದಿಯಲ್ಲೇ ಒಂದು ಸುತ್ತು ನಡೆಸಿ, ನಾಲ್ಕು ಮೆಟ್ಟಿಲು ಹತ್ತಿಸಿ, ಎಲ್ಲಿ ತೊಡಕಾಗುತ್ತದೆ ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಆ ದಿನ ಬಂದಾಗ ಟೊಪ್ಪಿಗೆ ಹಾಕಲ್ಲ ಅಂತ ಹಟ ಹಿಡಿದರೆ ಒತ್ತಾಯ ಮಾಡಬೇಡಿ, ಬೆನ್ನ ಮೇಲೆ ಇಳಿಬಿಟ್ಟಿರಲಿ, ಕಿವಿಗೆ ಒಂದು ಬಿಳಿ ಉಣ್ಣೆ ಟೋಪಿ ಹಾಕಿಸಿ. ರೆಕ್ಕೆ ಇದ್ದೇ ಇರುತ್ತದೆ.

ಹಬ್ಬ ಮುಗಿದ ಮೇಲೆ ಹೂಡಿಯನ್ನು ಕೈಯಲ್ಲೇ ತಣ್ಣೀರಲ್ಲಿ ಒಗೆಯಿರಿ, ಡ್ರೈಯರ್‌ಗೆ ಹಾಕಬೇಡಿ. ಅಮ್ಮ ಊರಿಗೆ ಹೊರಡುವ ಮೊದಲು, ರೆಕ್ಕೆಯ ಪಟ್ಟಿಗಳ ಹೊಲಿಗೆ ಎಲ್ಲಾದರೂ ಸಡಿಲ ಆಗಿದ್ದರೆ ಅವರ ಕೈಯಲ್ಲೇ ಬಿಗಿ ಮಾಡಿಸಿಡಿ. ಮಗಳು ಆ ಅಂಗಿಯನ್ನು ಚಳಿಗಾಲ ಪೂರ್ತಿ ಹಾಕಿಕೊಳ್ಳುತ್ತಾಳೆ.